ಅಸಲಿ ಎಂಬ ಮಾತು ಮತ್ತು ನಮ್ಮ ನಡುಮನೆಯ ರವಿವರ್ಮ

ದೊಡ್ಡನೆಕ್ಕುಂದಿಯ ಹಳೆಯ ಮನೆಗಳು ಒಂದೊಂದಾಗಿ ಉರುಳಿ, ಆ ಜಾಗದಲ್ಲಿ ಬಾಡಿಗೆಯ ಕಟ್ಟಡಗಳು ಏಳುತ್ತಿರುವುದು ನಿಮಗೆಲ್ಲ ತಿಳಿದದ್ದೇ. ಮನೆ ಕೆಡಹುವಾಗ ತೊಲೆ, ಬಾಗಿಲು, ಹಿತ್ತಾಳೆಯ ಪಾತ್ರೆಗಳ ಜೊತೆಗೆ ನಡುಮನೆಯ ಗೋಡೆಯಲ್ಲಿದ್ದ ಲಕ್ಷ್ಮೀ, ಸರಸ್ವತಿಯರ ಪಟಗಳೂ ಹೊರಬೀಳುತ್ತವೆ. ಹಿಂದೆ ಇಂಥವನ್ನು ಗಾಜು ಒಡೆದ ಕೂಡಲೇ ಅರಳೀಕಟ್ಟೆಯ ಮೇಲಿಟ್ಟು ಕೈಮುಗಿದು ಬರುತ್ತಿದ್ದರು. ಈಗ ಹಾಗಲ್ಲ. 2023ರಲ್ಲಿ ರವಿವರ್ಮನ ‘ಯಶೋದಾ ಮತ್ತು ಕೃಷ್ಣ’ ತೈಲಚಿತ್ರವು 38 ಕೋಟಿ ರೂಪಾಯಿಗೆ ಹರಾಜಾದ ಸುದ್ದಿ ಬಂದ ಮೇಲೆ ಎಲ್ಲರಿಗೂ ತಮ್ಮ ಮನೆಯ ಗೋಡೆಯ ಮೇಲೆ ಕಣ್ಣು ಬಿದ್ದಿದೆ.

ಹೊರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಂದ ಎರಡು ಬಗೆಯ ಪ್ರಶ್ನೆಗಳು ಬರುತ್ತಿವೆ. ‘ಮೇಷ್ಟ್ರೇ, ಇಲ್ಲೊಬ್ಬ ವ್ಯಾಪಾರಿ ರವಿವರ್ಮನ ಅಸಲಿ ಮುದ್ರಿತ ಚಿತ್ರವನ್ನು ಪ್ರಮಾಣಪತ್ರ ಸಹಿತ ಮಾರುತ್ತಿದ್ದಾನೆ, ಕೊಳ್ಳಬಹುದೇ?’ ಎಂಬುದು ಒಂದು. ‘ಅಜ್ಜಿಯ ಮನೆಯ ಪಟವನ್ನು ಇಲ್ಲಿಗೆ ತಂದುಕೊಳ್ಳಬಹುದೇ?’ ಎಂಬುದು ಇನ್ನೊಂದು. ಒಬ್ಬೊಬ್ಬರಿಗೆ ಬರೆಯುವ ಬದಲು ನನ್ನ ಅಭಿಪ್ರಾಯವನ್ನು ಇಲ್ಲಿಯೇ ಬರೆದಿಡುತ್ತೇನೆ.

ಶಾಲಾ ಪ್ರವಾಸದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೀವು ಕಂಡದ್ದು ರವಿವರ್ಮನ ಕೈಯ ತೈಲಚಿತ್ರಗಳು. ಅಜ್ಜಿ ಊದುಬತ್ತಿ ಬೆಳಗಿದ್ದು ಕಾಗದದ ಮೇಲಿನ ಕಲ್ಲಚ್ಚಿಗೆ. 1894ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ರವಿವರ್ಮನೂ ಅವನ ತಮ್ಮ ರಾಜರಾಜವರ್ಮನೂ ಜರ್ಮನಿಯ ಯಂತ್ರಗಳನ್ನೂ ಕುಶಲಕರ್ಮಿಗಳನ್ನೂ ತರಿಸಿ ಮುದ್ರಣಾಲಯ ತೆರೆದರು. 1899ರಲ್ಲಿ ಅದು ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಅದನ್ನು ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಲಾಯಿತು. ರವಿವರ್ಮ 1906ರಲ್ಲಿ ತೀರಿಕೊಂಡ ಮೇಲೂ ಅದೇ ಹೆಸರಿನಲ್ಲಿ ದಶಕಗಳ ಕಾಲ ಚಿತ್ರಗಳು ಹೊರಬಂದವು. ಅವುಗಳಲ್ಲಿ ಬೇರೆಯವರು ಬರೆದ ಚಿತ್ರಗಳೂ ಇದ್ದವು. 1972ರಲ್ಲಿ ಅಲ್ಲಿ ಬೆಂಕಿ ಬಿದ್ದು ಬಹುಪಾಲು ನಾಶವಾಯಿತು.

ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕುಶಲಕರ್ಮಿಗಳು ಮೂಲಚಿತ್ರವನ್ನು ನೋಡಿ ಪ್ರತಿ ಬಣ್ಣದ ಭಾಗವನ್ನೂ ಬೇರೆ ಬೇರೆ ಕಲ್ಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ತೀಡಿ, ಒಂದರ ಮೇಲೊಂದು ಅಚ್ಚೊತ್ತಿ, ಕಡೆಗೆ ಮೆರುಗೆಣ್ಣೆ ಬಳಿಯುತ್ತಿದ್ದರು. ಓಲಿಯೋಗ್ರಾಫ್ ಎಂಬ ಹೆಸರು ಬಂದದ್ದು ತೈಲಚಿತ್ರದ ಈ ಸೋಗಿನಿಂದಲೇ. ಕಲ್ಲಿನ ಮೇಲೆ ತೀಡಿದ ಕೈ ರವಿವರ್ಮನದಲ್ಲ. ಜಗತ್ತಿನ ದೇಶಗಳು ಒಪ್ಪಿ ಬಳಸುವ ಸುಂಕದ ಪಟ್ಟಿಯ ಟಿಪ್ಪಣಿಯೂ ಕಲಾವಿದ ತನ್ನ ಕೈಯಿಂದಲೇ ಪೂರ್ತಿಯಾಗಿ ಮಾಡಿದ ಫಲಕದಿಂದ ನೇರವಾಗಿ ತೆಗೆದದ್ದನ್ನು ಮಾತ್ರ ಮೂಲ ಮುದ್ರಣವೆನ್ನುತ್ತದೆ. ಹೀಗಿರುವಾಗ ವ್ಯಾಪಾರಿ ಬಳಸುವ ‘ಅಸಲಿ’ ಎಂಬ ಮಾತಿಗೆ ಏನರ್ಥ? ಹೆಚ್ಚೆಂದರೆ ‘ಆ ಕಾಲದ, ಆ ಮುದ್ರಣಾಲಯದ ಪ್ರತಿ’ ಎಂದಷ್ಟೇ. ಅಷ್ಟನ್ನೇ ಹೇಳಿ ಮಾರಿದರೆ ನನ್ನ ತಕರಾರಿಲ್ಲ, ಅದಕ್ಕೂ ಬೆಲೆಯಿದೆ. ಮಾರುವವನೇ ಬರೆದುಕೊಟ್ಟ ಪ್ರಮಾಣಪತ್ರವಂತೂ ಪರೀಕ್ಷೆ ಬರೆದ ಹುಡುಗ ತನಗೆ ತಾನೇ ಅಂಕ ಹಾಕಿಕೊಂಡಂತೆ!

ನಿಜವಾದ ಸಾಕ್ಷಿ ಇರುವುದು ಕಾಗದದಲ್ಲಿ. ಒಂದು ಒಳ್ಳೆಯ ಭೂತಗನ್ನಡಿ ಹಿಡಿದು ನೋಡಿ. ಕಲ್ಲಚ್ಚಿನ ಚುಕ್ಕೆಗಳು ಮರಳು ಚೆಲ್ಲಿದಂತೆ ಗಾತ್ರದಲ್ಲಿ, ದೂರದಲ್ಲಿ ಹೆಚ್ಚುಕಡಿಮೆಯಾಗಿರುತ್ತವೆ. ಇತ್ತೀಚಿನ ಆಫ್‌ಸೆಟ್ ಮುದ್ರಣದಲ್ಲಾದರೋ ಚುಕ್ಕೆಗಳು ರಂಗೋಲಿಯಂತೆ ಸಾಲುಗಟ್ಟಿ, ಪುಟ್ಟ ಹೂವಿನಾಕಾರದಲ್ಲಿ ಮತ್ತೆ ಮತ್ತೆ ಬರುತ್ತವೆ. ಚಿತ್ರದ ಮೂಲೆಯಲ್ಲಿ ಕಾಣುವ ರವಿವರ್ಮನ ಸಹಿಯೂ ಅಚ್ಚಾದದ್ದೇ. ಅದನ್ನು ಕಂಡು ಹಿಗ್ಗಬೇಕಾಗಿಲ್ಲ. ಪೆನ್ಸಿಲಿನಲ್ಲಿ ‘50ರಲ್ಲಿ 12ನೆಯದು’ ಎಂಬಂಥ ಸಂಖ್ಯೆಯಿದ್ದರೆ ದೂರ ಸರಿಯಿರಿ. ಮನೆಮನೆಗೂ ಮುಟ್ಟಲೆಂದು ಸಾವಿರಗಟ್ಟಲೆ ಅಚ್ಚು ಹಾಕಿದವರು ಲೆಕ್ಕವಿಟ್ಟು ಸಂಖ್ಯೆ ಬರೆಯುವ ಗೊಡವೆಗೆ ಏಕೆ ಹೋಗುತ್ತಿದ್ದರು?

ಎಲ್ಲಕ್ಕಿಂತ ಮುಖ್ಯವಾದುದು ಕೆಳಗಿನ ಬಿಳಿಯ ಅಂಚು. ಚಿತ್ರದ ಹೆಸರು, ಮುದ್ರಣಾಲಯದ ಹೆಸರು, ಊರು ಅಲ್ಲಿರುತ್ತವೆ. ಮುಂಬಯಿ ಎಂದಿದ್ದರೆ ಮೊದಲ ವರ್ಷಗಳದೆಂದೂ, ಮಳವಲಿ ಅಥವಾ ಕಾರ್ಲಾ-ಲೋಣಾವಳ ಎಂದಿದ್ದರೆ ಅನಂತರದ್ದೆಂದೂ ಊಹಿಸಬಹುದು. ಚೌಕಟ್ಟಿಗೆ ಹೊಂದಲಿಲ್ಲವೆಂದು ಈ ಅಂಚನ್ನೇ ಕತ್ತರಿಸಿ ಎಸೆದ ಪಟಗಳು ನಮ್ಮ ಕಡೆ ಎಷ್ಟೋ ಇವೆ. ನಮ್ಮ ಹೆಂಗಸರು ದೇವಿಯ ಸೀರೆಗೆ ಜರಿ, ಚಮಕಿ ಅಂಟಿಸಿದ ಪಟಗಳನ್ನು ಕೆಲವರು ಕೆಟ್ಟುಹೋದವೆಂದು ಬದಿಗಿಡುತ್ತಾರೆ. ನನಗೆ ಅವೇ ಹೆಚ್ಚು ಇಷ್ಟ. ಅಂಥದ್ದು ಇನ್ನೊಂದು ಎಲ್ಲಿಯೂ ಇರಲಾರದು.

ಇನ್ನು ಎರಡನೆಯ ಪ್ರಶ್ನೆ. 1972ರ ಪುರಾತನ ವಸ್ತುಗಳ ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ 100 ವರ್ಷ ತುಂಬಿದ ಕಲಾಕೃತಿ ಪುರಾತನ ವಸ್ತು; ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಶಿಕ್ಷೆ ಆರು ತಿಂಗಳಿಂದ ಮೂರು ವರ್ಷದ ಸೆರೆ, ಜೊತೆಗೆ ದಂಡ. ಇದಲ್ಲದೆ ರವಿವರ್ಮನ ಕೃತಿಗಳನ್ನು 1979ರಲ್ಲಿ ಕಲಾನಿಧಿಗಳೆಂದು ಘೋಷಿಸಲಾಗಿದೆ. (ಹಾಗೆ ಘೋಷಿತರಾದ ಒಂಬತ್ತು ಮಂದಿಯಲ್ಲಿ ನಮ್ಮ ತಾತಗುಣಿಯಲ್ಲಿ ನೆಲೆಸಿದ್ದ ಸ್ವೆತೊಸ್ಲಾವ್ ರೋರಿಕ್ ಅವರ ತಂದೆ ನಿಕೊಲಾಯ್ ರೋರಿಕ್ ಅವರೂ ಒಬ್ಬರು.) ಆದ್ದರಿಂದ ಅಜ್ಜಿಯ ಪಟವನ್ನು ಸೀರೆಗಳ ನಡುವೆ ಸುತ್ತಿ ಸೂಟ್‌ಕೇಸಿನಲ್ಲಿ ತುರುಕಬೇಡಿ. ಪಟ ಅಷ್ಟು ಹಳೆಯದಲ್ಲವೆಂದು ತೋರಿದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪತ್ರ ಪಡೆದೇ ಹೊರಡಿ. ವಿದೇಶದಲ್ಲಿ ಕೊಂಡು ಇಲ್ಲಿಗೆ ತರುವವರು ರಸೀದಿಯನ್ನೂ ಸುಂಕದ ಕಾಗದಗಳನ್ನೂ ಜೋಪಾನವಾಗಿಡಿ.

ಕಾಯ್ದೆಯನ್ನು ಪಾಲಿಸಿ ಎನ್ನುವ ನಾನು ಅದು ಸರಿಯಿದೆಯೆಂದು ಹೇಳುತ್ತಿಲ್ಲ. ದೇವಾಲಯದಿಂದ ಕದ್ದ ಪಂಚಲೋಹದ ವಿಗ್ರಹವೂ, ಸಂತೆಯಲ್ಲಿ ಕೊಂಡ ಕಲ್ಲಚ್ಚಿನ ಪಟವೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಒಂದು ಹೋದರೆ ಮತ್ತೊಂದಿಲ್ಲ. ಇನ್ನೊಂದಕ್ಕೆ ಒಡಹುಟ್ಟಿದವು ಸಾವಿರಾರು. ಹೀಗೆ ಹಲವು ಪ್ರತಿಗಳುಳ್ಳ ಮುದ್ರಿತ ಚಿತ್ರಗಳನ್ನು ಸರ್ಕಾರವು ಬೇರೆಯೇ ವರ್ಗವಾಗಿ ಗುರುತಿಸಿ, ಛಾಯಾಚಿತ್ರ ತೆಗೆದು ದಾಖಲಿಸಿ, ಕುಟುಂಬದವರು ಒಯ್ಯಲು ಸುಲಭವಾದ ಅನುಮತಿ ಕೊಡಬೇಕೆಂಬುದು ನನ್ನ ವಾದ. ಈಗ ಆಗುತ್ತಿರುವುದೇನು? ಪ್ರಾಮಾಣಿಕನು ಪಟವನ್ನು ಅಟ್ಟದ ಮೇಲೆ ಗೆದ್ದಲಿಗೆ ಬಿಡುತ್ತಾನೆ. ಅಪ್ರಾಮಾಣಿಕನು ಅಂಚು ಕತ್ತರಿಸಿ, ವಯಸ್ಸು ಮರೆಸಿ ಸಾಗಿಸುತ್ತಾನೆ. ಎರಡರಲ್ಲೂ ಹಾಳಾಗುವುದು ಪಟವೇ.

ಅಂದಹಾಗೆ, ಮನೆ ಕೆಡಹುವ ಮುನ್ನ ಪಟ ಇಳಿಸುವವರು ಹಿಂದಿನ ಹಲಗೆಯನ್ನು ಸೌದೆಗೆ ಹಾಕಬೇಡಿ. ಚೌಕಟ್ಟು ಕಟ್ಟಿದ ಅಂಗಡಿಯ ಚೀಟಿ ಅದರ ಮೇಲೆ ಅಂಟಿರುವುದುಂಟು. ಯಾರ ಮನೆಯದು, ಯಾರ ಮದುವೆಗೆ ಬಂದದ್ದು ಎಂಬುದು ಮನೆಯ ಹಿರಿಯರಿಗೆ ಇನ್ನೂ ನೆನಪಿದ್ದರೆ, ಅದನ್ನೂ ಒಂದು ಕಾಗದದಲ್ಲಿ ಬರೆದು ಹಲಗೆಯ ಹಿಂದೆ ಸೇರಿಸಿ.