ದೂರದರ್ಶಕಕ್ಕೂ ಮೊದಲು ಉತ್ತರ ರೇಖೆ

ಮಕ್ಕಳೇ, ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಬಹಳ ಹೊತ್ತು ನಕ್ಷತ್ರದ ಫೋಟೋ ತೆಗೆದರೆ ಚುಕ್ಕಿಯ ಬದಲು ಗೆರೆ ಮೂಡುತ್ತದೆ. ಏಕೆ ಗೊತ್ತೇ? ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ದೂರದರ್ಶಕವೂ ಅದಕ್ಕೆ ಸರಿಯಾಗಿ ತಿರುಗಬೇಕಾದರೆ ಅದರ ಅಕ್ಷ ಆಕಾಶದ ಉತ್ತರ ಧ್ರುವಬಿಂದುವಿನತ್ತ ಇರಬೇಕು. ಧ್ರುವ ನಕ್ಷತ್ರ ಈ ಬಿಂದುವಿಗೆ ಬಲು ಹತ್ತಿರದಲ್ಲಿದೆ.

ಊರಿನ ಅಕ್ಷಾಂಶ ಎಷ್ಟೋ, ಧ್ರುವಬಿಂದುವಿನ ಎತ್ತರವೂ ಅಷ್ಟೇ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಇದು ಸುಮಾರು 14 ಡಿಗ್ರಿ. ಕೈ ಚಾಚಿ ಹಿಡಿದರೆ ಒಂದೂವರೆ ಮುಷ್ಟಿ. ಹಾಗಾಗಿ ನಮ್ಮಲ್ಲಿ ಗುಡ್ಡವೋ ಅಡಿಕೆ ತೋಟವೋ ಧ್ರುವ ನಕ್ಷತ್ರವನ್ನು ಮರೆಮಾಡುವುದುಂಟು.

ಅದಕ್ಕೆ ಉಪಾಯವಿದೆ. ಪ್ರತಿ ಶಾಲೆಯ ಮೈದಾನದಲ್ಲೂ ಒಂದು ಉತ್ತರ ರೇಖೆ ಇರಬೇಕೆಂಬುದು ನನ್ನ ಅಭಿಪ್ರಾಯ. ದೂರದರ್ಶಕ ಬರಲೆಂದು ಕಾಯಬೇಕಿಲ್ಲ. ಡಿಸೆಂಬರ್‌ನಲ್ಲಿ ಸಮತಟ್ಟಾದ ಜಾಗದಲ್ಲಿ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ 12ರಿಂದ 1 ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿ ಗುರುತಿಸಿ. ಸೂರ್ಯನನ್ನು ಮಾತ್ರ ನೋಡಬೇಡಿ. ಅತಿ ಚಿಕ್ಕ ನೆರಳು ಬಿದ್ದ ದಿಕ್ಕೇ ಉತ್ತರ. ಅಲ್ಲಿ ಸುಣ್ಣದ ಗೆರೆ ಎಳೆಯಿರಿ.

ಮುಂದೆ ದೂರದರ್ಶಕ ಸಿಕ್ಕಾಗ ಅದರ ಅಕ್ಷವನ್ನು ಈ ಗೆರೆಯ ನೇರಕ್ಕಿಟ್ಟು 14 ಡಿಗ್ರಿ ಎತ್ತರಿಸಿ. ಮೊದಲ ಹೊಂದಾಣಿಕೆಗೆ ಇಷ್ಟು ಸಾಕು. ಕೋಲಿಗೂ ಸುಣ್ಣಕ್ಕೂ ಹೆಚ್ಚು ಖರ್ಚಿಲ್ಲ. ನಿಮ್ಮ ಶಾಲೆಯಲ್ಲಿ ಈ ವರ್ಷವೇ ಎಳೆಯಬಾರದೇಕೆ?