ಲೋಹಿತಾಶ್ವನ ಅವ್ವ, ಅಲೆಕ್ಸ್‌ನ ಅವ್ವ

ಮಕ್ಕಳೇ, ನಮ್ಮ ದೋರನಹಳ್ಳಿ ಕಡೆ ಜಾತ್ರೆ ಬಂತೆಂದರೆ ನಾಟಕವೂ ಬಂತೆಂದೇ ಲೆಕ್ಕ. ನಾನು ಸಣ್ಣವನಿದ್ದಾಗ ‘ಸತ್ಯ ಹರಿಶ್ಚಂದ್ರ’ ಆಡಿದರೆ ರಾತ್ರಿ ಹತ್ತಕ್ಕೆ ಶುರು, ಮಂಗಳ ಹಾಡುವಾಗ ಬೆಳಗಿನ ಕೋಳಿ ಕೂಗುತ್ತಿತ್ತು. ಲೋಹಿತಾಶ್ವನಿಗೆ ಹಾವು ಕಚ್ಚುವ ಹೊತ್ತಿಗೆ ಹುಡುಗರೆಲ್ಲ ಚಾಪೆಯ ಮೇಲೆ ಉರುಳಿರುತ್ತಿದ್ದೆವು. ಹೆಂಗಸರು ಮೂಗು ಸೀಟುವ ಸಪ್ಪಳಕ್ಕೆ ಎಚ್ಚರವಾಗುತ್ತಿತ್ತು.

ಪೂರ್ತಿ ಕಥೆಯನ್ನು ನಿಮ್ಮ ಮನೆಯ ಹಿರಿಯರನ್ನೇ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಒಂದೇ ಜಾಗ ಹೇಳುತ್ತೇನೆ. ಸಾಲ ತೀರಿಸಲೆಂದು ಹರಿಶ್ಚಂದ್ರ ಕಾಶಿಯಲ್ಲಿ ಹೆಂಡತಿ ಚಂದ್ರಮತಿಯನ್ನೂ ಮಗನನ್ನೂ ಒಂದು ಮನೆಗೆ ಮಾರುತ್ತಾನೆ. ಅಲ್ಲಿಂದ ಮುಂದೆ ಕೂಸಿಗೆ ತಾಯಿ ಒಬ್ಬಳೇ ಗತಿ. ಒಂದು ದಿನ ಮಗ ಹಾವು ಕಚ್ಚಿ ಬಿದ್ದಿದ್ದಾನೆಂದು ಸುದ್ದಿ ಬರುತ್ತದೆ. ಆಗಲೂ ಅವಳನ್ನು ತಟ್ಟನೆ ಬಿಡುವುದಿಲ್ಲ. ಮನೆಗೆಲಸ ಮುಗಿಸಿ ಆಮೇಲೆ ಹೋಗು ಎನ್ನುತ್ತಾರೆ. 13ನೇ ಶತಮಾನದ ರಾಘವಾಂಕ ಕವಿ ಈ ಕಥೆಯನ್ನು ಷಟ್ಪದಿಯಲ್ಲಿ ಬರೆದ. ಎಲ್ಲರೂ ಸ್ಮಶಾನದ ದೃಶ್ಯಕ್ಕೆ ಅಳುತ್ತಾರೆ. ನನಗೆ ಕರುಳು ಹಿಂಡುವುದು ಈ ಜಾಗ. 35 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು, ರಜೆ ಚೀಟಿಯ ಬೆಲೆ ನನಗೆ ಗೊತ್ತು!

ಈಗ ಇದೆಲ್ಲ ನೆನಪಾಗಲು ಕಾರಣ ಒಂದು ಇಂಗ್ಲಿಷ್ ನಾಟಕ. ಬೆಂಗಳೂರಿನಲ್ಲಿರುವ ಮೊಮ್ಮಗಳು ರಜೆಗೆ ಬಂದಾಗ ಆ ಪುಸ್ತಕ ತಂದಳು. “ಮುತ್ಯಾ, ಇದನ್ನ ಓದ್ರಿ, ರಾಜ ಇಲ್ಲ, ರಾಕ್ಷಸ ಇಲ್ಲ” ಅಂದಳು. ನಿಘಂಟು ಪಕ್ಕಕ್ಕಿಟ್ಟುಕೊಂಡು ನಾಲ್ಕು ದಿನ ಓದಿದೆ. ಹೆಸರು ‘ಮೇರಿ ಜೇನ್’. ಬರೆದವರು ಎಮಿ ಹರ್ಜಾಗ್ ಎಂಬ ಅಮೆರಿಕದ ಲೇಖಕಿ. 2017ರಲ್ಲಿ ಯೇಲ್ ರೆಪರ್ಟರಿ ಥಿಯೇಟರಿನಲ್ಲಿ ಮೊದಲು ಆಡಿದರು. 2024ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂತು. ರೇಚಲ್ ಮ್ಯಾಕ್‌ಆಡಮ್ಸ್ ಎಂಬ ಸಿನಿಮಾ ನಟಿ ತಾಯಿಯ ಪಾತ್ರ ಮಾಡಿದರು. ಲೇಖಕಿಯ ಮಗಳಿಗೂ ಹುಟ್ಟಿನಿಂದಲೇ ಸ್ನಾಯುಗಳ ಕಠಿಣ ಕಾಯಿಲೆ ಇತ್ತು, ಆ ಹುಡುಗಿ 2023ರಲ್ಲಿ ತೀರಿಕೊಂಡಳು. ಅನುಭವಿಸಿದವರು ಬರೆದದ್ದು ಎಂಬುದು ಓದುವಾಗ ತಿಳಿಯುತ್ತದೆ.

ಮೇರಿ ಜೇನ್ ನ್ಯೂಯಾರ್ಕಿನ ಸಣ್ಣ ಬಾಡಿಗೆ ಮನೆಯಲ್ಲಿರುವ ಹೆಣ್ಣುಮಗಳು. ಅವಳ ಮಗ ಅಲೆಕ್ಸ್‌ಗೆ ಇನ್ನೂ ಮೂರು ವರ್ಷ ತುಂಬಿಲ್ಲ. ಕೂಸು ಹೊಟ್ಟೆಯಲ್ಲಿ ಸುಮಾರು 40 ವಾರ ಇರಬೇಕು. ಇವನು 25 ವಾರಕ್ಕೇ ಹುಟ್ಟಿದ. ಮೆದುಳಿಗೆ ಪೆಟ್ಟು, ಶ್ವಾಸಕೋಶ ನಾಜೂಕು, ಆಗಾಗ ಫಿಟ್ಸ್. ಕತ್ತು ನಿಲ್ಲುವುದಿಲ್ಲ, ಮಾತಿಲ್ಲ. ಗಂಡ ಬಿಟ್ಟು ಹೋಗಿದ್ದಾನೆ. ಅವನ ಮೇಲೂ ಅವಳಿಗೆ ಸಿಟ್ಟಿಲ್ಲ, ಇದು ನನಗೆ ಒಪ್ಪಿಗೆಯಾಗಲಿಲ್ಲ, ನನಗಂತೂ ಸಿಟ್ಟು ಬಂತು. ಅವಳು ಹಗಲು ಆಫೀಸಿಗೆ ಹೋಗಬೇಕು, ಯಾಕೆಂದರೆ ಮಗನ ಆಸ್ಪತ್ರೆ ಖರ್ಚಿನ ವಿಮೆ ಆ ನೌಕರಿಗೆ ಗಂಟು ಬಿದ್ದಿದೆ. ರಾತ್ರಿ ಮಗನ ಪಕ್ಕದಲ್ಲಿ ಯಂತ್ರ ಸಪ್ಪಳ ಮಾಡಿದರೆ ಏಳಬೇಕು. ಕೂಸಿನ ಜೊತೆ ಇರಬೇಕೆಂದರೆ ನೌಕರಿ ಹೋಗುತ್ತದೆ, ನೌಕರಿ ಹೋದರೆ ಕೂಸಿನ ಔಷಧ ಹೋಗುತ್ತದೆ. ಕಾಶಿಯ ಆ ಮನೆಗೂ ಈ ಆಫೀಸಿಗೂ ಎಷ್ಟು ದೂರ ಹೇಳಿ?

ಆದರೆ ಈ ನಾಟಕ ಅಳಿಸಲು ಬರೆದದ್ದಲ್ಲ. ಪರದೆ ಏಳುವಾಗ ಏನು ನಡೆಯುತ್ತಿರುತ್ತದೆ ಗೊತ್ತೇ? ಅಡುಗೆಮನೆಯ ಸಿಂಕು ಕಟ್ಟಿಕೊಂಡಿದೆ, ಆ ಕಟ್ಟಡ ನೋಡಿಕೊಳ್ಳುವ ರೂಥಿ ಎಂಬ ಹೆಂಗಸು ಬಂದು ರಿಪೇರಿ ಮಾಡುತ್ತಿದ್ದಾಳೆ! ಅಲೆಕ್ಸ್‌ಗೆ ಕಿಟಕಿಯಿಂದ ಹೊರಗೆ ನೋಡುವುದೆಂದರೆ ಖುಷಿ, ಅದಕ್ಕೆ ತಾಯಿ ಕಿಟಕಿಯ ಕಂಬಿ ತೆಗೆದಿಟ್ಟಿದ್ದಾಳೆ. ಅಲ್ಲಿ ಅದು ನಿಯಮಕ್ಕೆ ವಿರುದ್ಧ. ರೂಥಿಗೆ ಅದು ಕಾಣುತ್ತದೆ, ಆದರೆ ಗದರುವುದಿಲ್ಲ. ಆಮೇಲೆ ಶೆರ್ರಿ ಎಂಬ ನರ್ಸ್ ಬರುತ್ತಾಳೆ. ಶೆರ್ರಿಯ ತಂಗಿಯ ಮಗಳೋ ಅಣ್ಣನ ಮಗಳೋ, ಕಾಲೇಜು ಹುಡುಗಿ ಅಮೀಲಿಯಾ ಬರುತ್ತಾಳೆ. ಬ್ರಿಯಾನ್ ಎಂಬವಳ ಕೂಸಿಗೂ ಹೀಗೇ ಕಾಯಿಲೆ, ಯಾವ ಕಾಗದಕ್ಕೆ ಯಾರನ್ನು ಹಿಡಿಯಬೇಕು ಎಂದು ಮೇರಿ ಜೇನ್ ಅವಳಿಗೆ ಹೇಳಿಕೊಡುತ್ತಾಳೆ. ಮುಂದೆ ಮಗನನ್ನು ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು, ಯಹೂದಿ ತಾಯಿಯೊಬ್ಬಳು, ಬೌದ್ಧ ಸನ್ಯಾಸಿನಿಯೊಬ್ಬಳು. ಎಲ್ಲರೂ ಹೆಂಗಸರೇ. 9 ಪಾತ್ರ, 5 ನಟಿಯರು. ತಾಯಿಯ ಪಾತ್ರದವಳನ್ನು ಬಿಟ್ಟರೆ ಉಳಿದ ನಾಲ್ವರೂ ಎರಡೆರಡು ವೇಷ ಹಾಕುತ್ತಾರೆ. ನಮ್ಮ ಊರ ನಾಟಕದಲ್ಲಿ ಮಂತ್ರಿಯೇ ಆಮೇಲೆ ಪೊಲೀಸನಾಗುವ ಹಾಗೆ.

ಈ ಜನರೇ ನಾಟಕದ ತಿರುಳು ಎಂದು ನನ್ನ ಎಣಿಕೆ. ಯಾರೂ ದೊಡ್ಡ ಉಪಕಾರ ಮಾಡುವುದಿಲ್ಲ. ಬಂದು ಕೂರುತ್ತಾರೆ, ಸಿಂಕು ಸರಿಮಾಡುತ್ತಾರೆ, ಹೆಸರು ಹಿಡಿದು ಅಲೆಕ್ಸ್‌ನನ್ನು ವಿಚಾರಿಸುತ್ತಾರೆ.

ನಾನು ಕೆಲಸ ಮಾಡುತ್ತಿದ್ದ ಒಂದು ಶಾಖೆಗೆ ಒಬ್ಬ ತಾಯಿ ಪಿಂಚಣಿಗೆ ಬರುತ್ತಿದ್ದಳು. ಹತ್ತು ವರ್ಷದ ಮಗ, ನಡಿಗೆಯಿಲ್ಲ, ಸೊಂಟದ ಮೇಲೆ ಹೊತ್ತು ತರುತ್ತಿದ್ದಳು. ಸಾಲಿನಲ್ಲಿದ್ದವರು “ದೇವರಂಥ ತಾಯಿ” ಎನ್ನುತ್ತಿದ್ದರು, ಅಂದು ತಮ್ಮ ತಮ್ಮ ಪಾಸ್‌ಬುಕ್ ನೋಡಿಕೊಳ್ಳುತ್ತಿದ್ದರು. ಒಂದು ದಿನ ಬಳೆ ಮಾರುವ ಮುದುಕಿಯೊಬ್ಬಳು “ಕೊಡಬೇ ಇಲ್ಲಿ” ಎಂದು ಹುಡುಗನನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡಳು. ಆ ತಾಯಿ ಎರಡೂ ಕೈ ಬಿಡುವಾಗಿ ಹೆಬ್ಬೆಟ್ಟು ಒತ್ತಿದ್ದು ನಾನು ನೋಡಿದ್ದು ಅದೊಂದೇ ಸಲ. ಆ ಹುಡುಗ ಅಜ್ಜಿಯ ಬುಟ್ಟಿಯ ಬಳೆ ಹಿಡಿದು ನಗುತ್ತಿದ್ದ.

ಹಿರಿಯರಿಗೆ ಒಂದೆರಡು ಮಾತು. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ಊನಗಳಷ್ಟೇ ಇದ್ದವು. 2016ರ ಕಾಯ್ದೆಯಲ್ಲಿ 21 ಇವೆ. ಅಲೆಕ್ಸ್‌ಗಿದ್ದ ಮೆದುಳಿನ ಲಕ್ವ, ಸ್ನಾಯು ಸವೆಯುವ ಕಾಯಿಲೆ, ಥಲಸ್ಸೀಮಿಯಾ, ಕುಡಗೋಲು ಕಣದ ರಕ್ತಹೀನತೆ ಎಲ್ಲ ಸೇರಿವೆ. ಮೊಮ್ಮಕ್ಕಳಿಗೆ ಇಂಥದ್ದೇನಾದರೂ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಪ್ರಮಾಣಪತ್ರ ಮಾಡಿಸಿ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದು ಇಡೀ ಸೇವೆಯಲ್ಲಿ 730 ದಿನ ರಜೆ ಉಂಟು. ಮಗುವಿಗೆ 18 ತುಂಬುವವರೆಗೆ ಮಾತ್ರ, ಊನವಿದ್ದರೆ ವಯಸ್ಸಿನ ಮಿತಿಯಿಲ್ಲ. ನಮ್ಮ ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ ಬಿಡಿಸುವ ತಾಯಂದಿರಿಗೆ? ಒಂದು ದಿನ ಹೋಗದಿದ್ದರೆ ಒಂದು ದಿನದ ಕೂಲಿ ಇಲ್ಲ. ಅಷ್ಟೇ ಅವರ ರಜೆಯ ನಿಯಮ.

ಹರಿಶ್ಚಂದ್ರ ನಾಟಕದ ಕೊನೆಗೆ ವಿಶ್ವೇಶ್ವರ ಬಂದು ಲೋಹಿತಾಶ್ವನನ್ನು ಎಬ್ಬಿಸುತ್ತಾನೆ, ಜನ ಶಿಳ್ಳೆ ಹಾಕುತ್ತಾರೆ. ಮೇರಿ ಜೇನ್ ನಾಟಕದಲ್ಲಿ ಹಾಗಿಲ್ಲ. ಅಲೆಕ್ಸ್ ಮುಂದೆ ಏನಾದ ಎಂದು ಹೇಳದೆಯೇ ಮುಗಿಯುತ್ತದೆ. ಇನ್ನೊಂದು ಸೋಜಿಗ, ಆ ಕೂಸು ರಂಗದ ಮೇಲೆ ಬರುವುದೇ ಇಲ್ಲ. ಪಕ್ಕದ ಕೋಣೆಯಲ್ಲಿ ಇದ್ದಾನೆ ಎಂದು ನೋಡುವವರು ತಿಳಿದುಕೊಳ್ಳಬೇಕು.

ಈ ಕಥೆಯನ್ನು ಮೊನ್ನೆ ಕಟ್ಟೆಯ ಮೇಲೆ ಹುಡುಗರಿಗೆ ಹೇಳುತ್ತಿದ್ದೆ. ಐದನೇ ಇಯತ್ತೆಯ ಒಬ್ಬನಿಗೆ ಶಾಲೆಯ ನಾಟಕದಲ್ಲಿ ಪಾತ್ರ ಸಿಕ್ಕಿರಲಿಲ್ಲ.

“ಹಂಗಾದ್ರ ಅಲೆಕ್ಸನ ಪಾರ್ಟು ಯಾರಿಗೂ ಇಲ್ಲೇನ್ರಿ ಮುತ್ಯಾ?”

“ಇಲ್ಲಪಾ.”

ಸ್ವಲ್ಪ ಯೋಚಿಸಿದ. “ನಾ ಮಷೀನ್ ಆಗ್ತೀನ್ರಿ. ಪರದೆ ಹಿಂದ ಕುಂತು ಟೀಂ ಟೀಂ ಅಂತೀನಿ.” ಅಲ್ಲೇ ಶುರುವೂ ಮಾಡಿದ. ಎರಡು ನಿಮಿಷಕ್ಕೆ ದಣಿದು, “ಎಷ್ಟೊತ್ತು ಅನಬೇಕ್ರಿ?” ಅಂದ.

“ಬೆಳಗಾಗತನಕ” ಅಂದೆ.