ಫೈನಲ್ ಪ್ರಿಂಟ್ ಯಾವ ಕಾಗದದ ಮೇಲೆ? ಅದನ್ನೂ ನಾವೇ ಆರಿಸೋಣ

ಪ್ರಾಜೆಕ್ಟ್‌ಗೆ ಯಾವ ಸೆನ್ಸರ್ ಹಾಕ್ಬೇಕು ಅಂತ ನಾವು ಮೂರು ವಾರ ಚರ್ಚೆ ಮಾಡ್ತೀವಿ. ಸಿಮೆಂಟಿನ ಗ್ರೇಡ್, ಮೋಟರ್‌ನ ಟಾರ್ಕ್, ಶೀಟ್ ಮೆಟಲ್‌ನ ಗೇಜ್, ಎಲ್ಲಕ್ಕೂ ಡೇಟಾಶೀಟ್ ತೆಗೆದು ನೋಡ್ತೀವಿ. ಇಷ್ಟೆಲ್ಲ ಮಾಡಿದ ಕೆಲಸ ಕೊನೆಗೆ ಪರೀಕ್ಷಕರ ಕಣ್ಣಿಗೆ ಬೀಳುವುದು ಒಂದು ದೊಡ್ಡ ಹಾಳೆಯ ಮೇಲೆ. ಆ ಹಾಳೆ ಯಾವುದು ಅಂತ ತೀರ್ಮಾನಿಸೋದು ಮಾತ್ರ ಯಾರೂ ಅಲ್ಲ. ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ಅಂಗಡಿಯ ಮೆಷಿನ್‌ನಲ್ಲಿ ಯಾವ ರೋಲ್ ಕೂತಿರುತ್ತೋ ಅದೇ ನಮ್ಮ ಕಾಗದ.

ಇದು ಬದಲಾಗಬೇಕು ಎನ್ನುವುದು ನಮ್ಮ ವಾದ. ನಮ್ಮ ಮಾತು ಎರಡೇ. ಒಂದು, ದೊಡ್ಡ ಹಾಳೆ ಆರಿಸುವುದು ಕೂಡ ಎಂಜಿನಿಯರಿಂಗ್ ತೀರ್ಮಾನ. ಅದಕ್ಕೂ ಅಳತೆ, ತೂಕ, ಲೆಕ್ಕ ಇದೆ. ಎರಡು, ತಂಡಕ್ಕೊಂದರಂತೆ ಬಿಡಿಬಿಡಿಯಾಗಿ ದುಡ್ಡು ಸುರಿಯುವ ಬದಲು ವಿಭಾಗವೇ ಸೆಮಿಸ್ಟರ್ ಶುರುವಿನಲ್ಲಿ ಕಾಗದ ತರಿಸಿ ಎಲ್ಲರಿಗೂ ಒಂದೇ ಹಾಳೆ ಕೊಡಬೇಕು.

ಮೊದಲು ಅಳತೆ. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್, ಅಳತೆ 841×1189 ಮಿ.ಮೀ. ಉದ್ದ ಅಗಲದ ಅನುಪಾತ ಎರಡರ ವರ್ಗಮೂಲ. ಹಾಗಾಗಿ ಅರ್ಧಕ್ಕೆ ಮಡಚಿದರೆ ಅದೇ ಅನುಪಾತದ ಎ1, ಮತ್ತೆ ಮಡಚಿದರೆ ಎ2, ಹೀಗೆ ನಮ್ಮ ಜೆರಾಕ್ಸ್‌ನ ಎ4ವರೆಗೆ. ಈ ಅನುಪಾತದ ಲಾಭವನ್ನು ಜರ್ಮನಿಯ ಭೌತವಿಜ್ಞಾನಿ ಲಿಚ್ಟನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದ. 1922ರಲ್ಲಿ ಅದು ಜರ್ಮನಿಯ ಮಾನಕವಾಯಿತು, 1975ರಲ್ಲಿ ಐಎಸ್‌ಒ 216 ಆಯಿತು. ನಮ್ಮ ಬಿಐಎಸ್‌ನ ಡ್ರಾಯಿಂಗ್ ಕೈಪಿಡಿ ಎಸ್‌ಪಿ 46 ಹೇಳುವುದೂ ಎ0ಯಿಂದ ಎ4ವರೆಗಿನ ಇವೇ ಅಳತೆಗಳನ್ನು.

ಸ್ಟೇಷನರಿ ಅಂಗಡಿಗೆ ಹೋಗಿ "ಡ್ರಾಯಿಂಗ್ ಶೀಟ್ ಕೊಡಿ" ಅಂದರೆ ಏನು ಬರುತ್ತೆ? ಇಂಪೀರಿಯಲ್ ಅಥವಾ ಹಾಫ್ ಇಂಪೀರಿಯಲ್. ಅಂದರೆ 22×30 ಇಂಚು, ಇಲ್ಲವೇ 15×22 ಇಂಚು. ಇದು ಬ್ರಿಟಿಷರ ಕಾಲದ ಅಳತೆ. ಹಾಫ್ ಇಂಪೀರಿಯಲ್ಲನ್ನು ಮಿ.ಮೀ.ಗೆ ತಂದರೆ ಸುಮಾರು 381×559. ಎ2 ಹಾಳೆ 420×594. ಎ2ಗೆ ಅಂತ ಕೂರಿಸಿದ ಡ್ರಾಯಿಂಗ್ ಇದರಲ್ಲಿ ಹಿಡಿಸೋದೇ ಇಲ್ಲ. ಇಂಪೀರಿಯಲ್ ಕೂಡ ಎ1ಗಿಂತ ಎರಡೂ ಕಡೆ ಚಿಕ್ಕದು. ತರಗತಿಯಲ್ಲಿ ಎ2 ಲೇಔಟ್ ಕಲಿಸಿ, ಅಂಗಡಿಯಲ್ಲಿ ಹಾಫ್ ಇಂಪೀರಿಯಲ್ ಕೊಳ್ಳಿಸುವುದು ಯಾವ ನ್ಯಾಯ?

ಅಳತೆ ತಪ್ಪಿದರೆ ಏನಾಗುತ್ತೆ ಅನ್ನೋದು ಪ್ರಿಂಟಿನಲ್ಲಿ ಇನ್ನೂ ಸ್ಪಷ್ಟ. 1:100ರಲ್ಲಿ ಬರೆದ ಎ1 ನಕ್ಷೆಯನ್ನು ಎ3ಗೆ ಇಳಿಸಿದರೆ ಉದ್ದ ಅಗಲ ಸರಿಯಾಗಿ ಅರ್ಧ ಆಗುತ್ತೆ, ಸ್ಕೇಲ್ 1:200. ಸ್ಕೇಲ್ ಪಟ್ಟಿ ಇಟ್ಟು ಓದಬಹುದು. ಅದೇ ನಕ್ಷೆಯನ್ನು ಅಂಗಡಿಯವರು "ಫಿಟ್ ಟು ಪೇಜ್" ಒತ್ತಿ 94 ಶೇಕಡಕ್ಕೆ ಇಳಿಸಿದರು ಅನ್ನಿ. ಸ್ಕೇಲ್ ಸುಮಾರು 1:106 ಆಯಿತು. ಅಂಥ ಸ್ಕೇಲ್ ಯಾವ ಪಟ್ಟಿಯಲ್ಲೂ ಇಲ್ಲ. ಟೈಟಲ್ ಬ್ಲಾಕ್‌ನಲ್ಲಿ ಮಾತ್ರ 1:100 ಅಂತಲೇ ಇರುತ್ತೆ. ಹಾಗಾಗಿ ಹೇಳಬೇಕಾದ ಮಾತು ಒಂದೇ: "ಅಣ್ಣಾ, ಆ್ಯಕ್ಚುಯಲ್ ಸೈಜ್, ನೂರು ಪರ್ಸೆಂಟ್." ಅದರ ಜೊತೆಗೆ ನಕ್ಷೆಯ ಮೂಲೆಯಲ್ಲಿ ಒಂದು ಅಳತೆಪಟ್ಟಿ ಎಳೆದುಬಿಡಿ. ಹಾಳೆ ಹಿಗ್ಗಲಿ ಕುಗ್ಗಲಿ, ಅದೂ ಜೊತೆಗೇ ಹಿಗ್ಗಿ ಕುಗ್ಗುತ್ತೆ.

ಇನ್ನು ತೂಕ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋದು. ಎ0 ಒಂದು ಚದರ ಮೀಟರ್ ಆದ್ದರಿಂದ ಲೆಕ್ಕ ಬಾಯಲ್ಲೇ ಆಗುತ್ತೆ. 80 ಜಿಎಸ್‌ಎಂನ ಎ4 ಹಾಳೆ ಎ0ಯ ಹದಿನಾರನೇ ಒಂದು ಭಾಗ, ಅಂದರೆ 5 ಗ್ರಾಂ. ಎ1 ಅರ್ಧ ಚದರ ಮೀಟರ್. 180 ಜಿಎಸ್‌ಎಂ ಆದರೆ 90 ಗ್ರಾಂ ತೂಗಬೇಕು. ಅಂಗಡಿಯವರು 180 ಅಂತ ಕೊಟ್ಟಿದ್ದು ನಿಜಕ್ಕೂ 180ಏನಾ? ಒಂದು ಎ1 ಹಾಳೆಯನ್ನು ಸುರುಳಿ ಸುತ್ತಿ ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿ ಮೇಲಿಡಿ, ಬಂದ ಗ್ರಾಂ ಅನ್ನು ಎರಡು ಪಟ್ಟು ಮಾಡಿ. ಉತ್ತರ ಸಿಕ್ಕಿತು.

ತೂಕ ಯಾಕೆ ಮುಖ್ಯ ಅಂದರೆ ಬಾಗದೆ ನಿಲ್ಲುವ ಗುಣಕ್ಕೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಓದಿದ್ದೀವಲ್ಲ, ಬಾಗುವಿಕೆಗೆ ಒಡ್ಡುವ ಬಿಗಿ ದಪ್ಪದ ಘನಕ್ಕೆ ಅನುಗುಣ ಅಂತ. ಅದು ತೊಲೆಗೆ ಅನ್ವಯಿಸುವ ಹಾಗೆ ಕಾಗದಕ್ಕೂ ಅನ್ವಯಿಸುತ್ತೆ. ಸಾಂದ್ರತೆ ಒಂದೇ ಎಂದುಕೊಂಡರೆ 90ರಿಂದ 120 ಜಿಎಸ್‌ಎಂಗೆ ಹೋದಾಗ ದಪ್ಪ ಮೂರನೇ ಒಂದರಷ್ಟು ಹೆಚ್ಚುತ್ತೆ, ಬಿಗಿ ಮಾತ್ರ ಎರಡು ಪಟ್ಟಿಗೂ ಮೀರಿ ಹೆಚ್ಚುತ್ತೆ. 90ರ ಪೋಸ್ಟರ್ ಬೋರ್ಡಿನ ಮೇಲೆ ಜೋತುಬಿದ್ದು 120ರದು ನೆಟ್ಟಗೆ ನಿಲ್ಲುವುದರ ಗುಟ್ಟು ಇದೇ. ಹಾಗಂತ ಎಲ್ಲದಕ್ಕೂ ದಪ್ಪ ಕಾಗದ ಬೇಕಿಲ್ಲ. ತಪ್ಪು ಹುಡುಕುವ ಚೆಕ್ ಪ್ರಿಂಟಿಗೆ 75ರಿಂದ 80ರ ಸಾದಾ ಬಾಂಡ್ ಧಾರಾಳ ಸಾಕು. ಬರೀ ಗೆರೆಗಳ ನಕ್ಷೆಗೆ 90 ಆದೀತು. ಬಣ್ಣ ತುಂಬಿದ ಪೋಸ್ಟರಿಗೆ 120ರಿಂದ 140. ಅದಕ್ಕಿಂತ ಮೇಲೆ ಹೋಗುವುದು ಒಂದು ದಿನದ ಪ್ರದರ್ಶನಕ್ಕೆ ದುಡ್ಡು ದಂಡ.

ತೂಕಕ್ಕಿಂತಲೂ ಹೆಚ್ಚು ಮರೆತುಹೋಗುವುದು ಮೇಲ್ಮೈ. ಇಂಕ್‌ಜೆಟ್ ಪ್ಲಾಟರಿನ ಇಂಕಿನಲ್ಲಿ ಬಹುಪಾಲು ನೀರೇ. ಸಾದಾ ಕಾಗದದ ನಾರು ಆ ನೀರು ಕುಡಿದು ಉಬ್ಬುತ್ತೆ. ಗೆರೆ ಅಂಚಿನಲ್ಲಿ ಹರಡುತ್ತೆ, ಇಡೀ ಹಾಳೆ ಹಪ್ಪಳದ ಹಾಗೆ ಅಲೆಅಲೆಯಾಗುತ್ತೆ. ಕೋಟೆಡ್ ಬಾಂಡ್‌ನಲ್ಲಿ ಮೇಲಿನ ಲೇಪ ಇಂಕನ್ನು ಮೇಲೆಯೇ ಹಿಡಿದಿಡುತ್ತೆ. ಆದ್ದರಿಂದ ಕಡುನೀಲಿ ಹಿನ್ನೆಲೆ ಬೇಕೇಬೇಕು ಅಂದರೆ ಕೋಟೆಡ್ ಕಾಗದವೇ ಬೇಕು. ಹಿನ್ನೆಲೆ ಬಿಳಿಯಾಗಿಟ್ಟರೆ ಇಂಕೂ ಉಳಿಯುತ್ತೆ, ಕಾಗದವೂ ಅಗ್ಗ, ಅಕ್ಷರವೂ ಚೆನ್ನಾಗಿ ಕಾಣುತ್ತೆ. ಗ್ಲಾಸಿ ಬೇಡ, ಮ್ಯಾಟ್ ಸಾಕು. ಸೆಮಿನಾರ್ ಹಾಲ್‌ನ ಟ್ಯೂಬ್‌ಲೈಟ್ ಕೆಳಗೆ ಗ್ಲಾಸಿ ಪೋಸ್ಟರ್ ನಿಲ್ಲಿಸಿದರೆ ಕಾಣೋದು ನಮ್ಮ ಗ್ರಾಫ್ ಅಲ್ಲ, ಟ್ಯೂಬ್‌ಲೈಟೇ.

ಕೈಯಲ್ಲಿ ಬರೆಯೋರಿಗೂ ಇದೇ ಮಾತು. ಪೆನ್ಸಿಲ್‌ಗೆ ಸ್ವಲ್ಪ ತರಿ ಇರುವ ಕಾರ್ಟ್ರಿಜ್ ಹಾಳೆ ಒಳ್ಳೆಯದು, ಇಂಕಿನ ಪೆನ್ನಿಗೆ ನುಣುಪಾದದ್ದು. ಕೊಳ್ಳುವ ಮುಂಚೆ ಒಂದು ಹಾಳೆಯ ಮೂಲೆಯಲ್ಲಿ ಗೆರೆ ಎಳೆದು ಒಂದೇ ಜಾಗದಲ್ಲಿ ಮೂರು ಸಲ ರಬ್ಬರ್ ಉಜ್ಜಿ ನೋಡಿ. ನಾರೆದ್ದರೆ ಆ ಕಾಗದ ಬೇಡ. ಒಂದರ ಮೇಲೊಂದು ಇಟ್ಟು ತಿದ್ದುವ ಕೆಲಸಕ್ಕೆ ಬಟರ್ ಪೇಪರ್ ಸಾಕು, ದುಬಾರಿ ಟ್ರೇಸಿಂಗ್ ಹಾಳೆ ಕೊನೆಯ ಪ್ರತಿಗಿರಲಿ. ಮಲೆನಾಡು, ಕರಾವಳಿಯ ಗೆಳೆಯರಿಗೆ ಇದನ್ನು ಹೇಳಬೇಕಾಗಿಲ್ಲ: ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತೆ. ರೋಲನ್ನು ಅದರ ಪ್ಲಾಸ್ಟಿಕ್ ಚೀಲದಲ್ಲೇ ಮುಚ್ಚಿಡಬೇಕು.

ಕಾಗದ ನಮ್ಮ ವೃತ್ತಿಗೆ ಹೊರಗಿನ ವಸ್ತು ಅನ್ನೋರು "ನೀಲನಕ್ಷೆ" ಎಂಬ ಪದವನ್ನೊಮ್ಮೆ ನೆನೆಯಲಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ವಿಧಾನದಲ್ಲಿ ಕಬ್ಬಿಣದ ಲವಣ ಸವರಿದ ಕಾಗದ ಬಿಸಿಲಿಗೆ ನೀಲಿಯಾಗುತ್ತಿತ್ತು, ಗೆರೆ ಬಿಳಿಯಾಗಿ ಉಳಿಯುತ್ತಿತ್ತು. ಆ ಕಾಗದ ಹೋಗಿ ಎಷ್ಟೋ ಕಾಲವಾಯಿತು. ಕನ್ನಡದಲ್ಲಿ ಇವತ್ತಿಗೂ ಯಾವ ಯೋಜನೆಗಾದರೂ ನಾವು ಸಿದ್ಧಪಡಿಸುವುದು ನೀಲನಕ್ಷೆಯನ್ನೇ.

ಈಗ ಫ್ಲೆಕ್ಸ್ ವಿಷಯ. ಪ್ರಾಜೆಕ್ಟ್ ಪ್ರದರ್ಶನ ಮುಗಿದ ಮರುದಿನ ಕಾರಿಡಾರ್‌ನ ಮೂಲೆಯಲ್ಲಿ ಸುತ್ತಿಟ್ಟ ಫ್ಲೆಕ್ಸ್‌ಗಳ ರಾಶಿ ಎಲ್ಲರೂ ನೋಡಿರುವಂಥದ್ದೇ. "ಫ್ಲೆಕ್ಸ್ ಹಾಕ್ಸಿ, ಹರಿಯಲ್ಲ, ಅಗ್ಗ" ಅಂತಾರೆ. ಹರಿಯಲ್ಲ ನಿಜ, ಕೊಳೆಯೋದೂ ಇಲ್ಲ, ಅದು ಪಿವಿಸಿ. ಒಳಗೆ, ಸೂರಿನ ಕೆಳಗೆ, ಆರು ತಾಸು ನಿಲ್ಲುವ ಪೋಸ್ಟರಿಗೆ ಮಳೆ ತಡೆಯುವ ವಸ್ತು ಯಾಕೆ? ಫ್ಲೆಕ್ಸ್ ಹುಟ್ಟಿರೋದೇ ದೂರದಿಂದ ನೋಡೋಕೆ. ಒಂದು ಮೀಟರ್ ಹತ್ತಿರ ನಿಂತು ಓದುವ ಟೇಬಲ್ಲು, ಗ್ರಾಫಿನ ಸಣ್ಣ ಅಂಕಿಗಳು ಅದರ ಮೇಲೆ ಮಸುಕಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, 2016ರ ಮಾರ್ಚ್‌ನಲ್ಲೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನು ನಿಷೇಧಿಸಿದೆ. ಪರಿಸರದ ಬಗ್ಗೆ ಮಾಡಿದ ಪ್ರಾಜೆಕ್ಟನ್ನು ಫ್ಲೆಕ್ಸ್ ಮೇಲೆ ಅಚ್ಚು ಹಾಕಿ ನಿಲ್ಲಿಸುವುದು ನಮ್ಮನ್ನೇ ನಾವು ಗೇಲಿ ಮಾಡಿಕೊಂಡ ಹಾಗೆ.

ಹಾಗಾದರೆ ಕಾಗದ ತರೋದು ಎಲ್ಲಿಂದ, ಎಷ್ಟು? ಲೆಕ್ಕ ಹಾಕೋಣ. ಪ್ಲಾಟರ್ ರೋಲ್ ಸಾಮಾನ್ಯವಾಗಿ 24 ಇಂಚು ಮತ್ತು 36 ಇಂಚು ಅಗಲದಲ್ಲಿ ಸಿಗುತ್ತೆ, ಅಂದರೆ 610 ಮತ್ತು 914 ಮಿ.ಮೀ. ಎ1ನ ಅಗಲ 594. 24 ಇಂಚಿನ ರೋಲಿನಲ್ಲಿ ಪಕ್ಕಕ್ಕೆ ಹಾಳಾಗುವುದು 16 ಮಿ.ಮೀ., ಶೇ 3ಕ್ಕಿಂತ ಕಡಿಮೆ. 50 ಮೀಟರ್ ಉದ್ದದ ರೋಲಿನಲ್ಲಿ 59 ಹಾಳೆ ಬರುತ್ತೆ. 36 ಇಂಚಿನದರಲ್ಲಿ ಎ1 ಅನ್ನು ಅಡ್ಡ ತಿರುಗಿಸಿ ಹಾಕಿದರೆ 84 ಹಾಳೆ ಬರುತ್ತೆ, ಆದರೆ ಪಕ್ಕದಲ್ಲಿ 73 ಮಿ.ಮೀ., ಶೇ 8ರಷ್ಟು ದಂಡ. ಎ0 ಬೇಕಾದ ವಿಭಾಗಕ್ಕೆ 36 ಸರಿ. ಎ1 ಸಾಕು ಅನ್ನೋರಿಗೆ 24 ಲಾಭ. ಒಂದು ಸೆಕ್ಷನ್‌ನಲ್ಲಿ 60 ಜನ, ನಾಲ್ವರಿಗೊಂದು ತಂಡ ಅಂದರೆ 15 ಪೋಸ್ಟರ್. ಒಂದೇ ರೋಲ್‌ನಲ್ಲಿ ಮೂರು ಸೆಕ್ಷನ್ ಮುಗಿದು, ಕೆಟ್ಟುಹೋದವನ್ನು ಮತ್ತೆ ತೆಗೆಯಲು 14 ಹಾಳೆ ಮಿಗುತ್ತೆ. ಆರ್ಡರ್ ಮಾಡುವ ಮುನ್ನ ರೋಲಿನ ಒಳಗಿನ ಕೊಳವೆ 2 ಇಂಚಿನದೋ 3 ಇಂಚಿನದೋ ಕೇಳಿ. ಮೆಷಿನ್ನಿಗೆ ಕೂರದ ರೋಲ್ ತಂದು ಪ್ರಯೋಜನ ಇಲ್ಲ. ದರ ಕೇಳುವಾಗ ರೋಲಿಗೆಷ್ಟು ಅಂತ ಬೇಡ, ಚದರ ಮೀಟರಿಗೆಷ್ಟು ಅಂತ ಭಾಗಿಸಿ ಹೋಲಿಸಿ.

ಬೆಂಗಳೂರಿನವರಿಗೆ ಸುಲ್ತಾನ್‌ಪೇಟೆ, ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸಗಟು ಅಂಗಡಿಗಳಿವೆ. ಬೇರೆ ಊರಿನವರು ಆಫ್‌ಸೆಟ್ ಪ್ರೆಸ್‌ಗೆ ಹೋಗಿ ವಿಚಾರಿಸಿ. ಅವರ ಹತ್ತಿರ ದೊಡ್ಡ ಹಾಳೆಗಳಲ್ಲಿ ಮ್ಯಾಪ್ಲಿಥೊ ಇರುತ್ತೆ, ಬೇಕಾದ ಅಳತೆಗೆ ಮೆಷಿನ್‌ನಲ್ಲಿ ಕತ್ತರಿಸಿಯೂ ಕೊಡುತ್ತಾರೆ. ಕೈಬರಹದ ಚಾರ್ಟು, ಭಿತ್ತಿಪತ್ರಿಕೆಗೆ ಇದಕ್ಕಿಂತ ಒಳ್ಳೆಯದು ಬೇಡ. ಒಂದೇ ಎಚ್ಚರಿಕೆ: 23×36 ಇಂಚಿನ ಹಾಳೆಯಿಂದ ಪೂರ್ತಿ ಎ1 ಬರಲ್ಲ, ಅಗಲದಲ್ಲಿ 10 ಮಿ.ಮೀ. ಕಡಿಮೆ ಬೀಳುತ್ತೆ. 25×36 ಕೇಳಿ.

"ಎಲ್ಲಾ ಪಿಡಿಎಫ್ ಆಗಿರೋ ಕಾಲದಲ್ಲಿ ಇದೆಲ್ಲ ಯಾಕೆ?" ಅಂತ ಕೇಳುವವರಿದ್ದಾರೆ. 15.6 ಇಂಚಿನ ಲ್ಯಾಪ್‌ಟಾಪ್ ಪರದೆಗಳನ್ನು ಏಳೆಂಟು ಜೋಡಿಸಿದರೆ ಒಂದು ಎ1 ಆಗುತ್ತೆ. ಇಡೀ ಕಟ್ಟಡದ ಪ್ಲಾನನ್ನೋ ಇಡೀ ಸರ್ಕ್ಯೂಟನ್ನೋ ಒಂದೇ ನೋಟಕ್ಕೆ ಕಂಡು, ನಾಲ್ಕು ಜನ ಸುತ್ತ ನಿಂತು ಪೆನ್ಸಿಲ್‌ನಲ್ಲಿ ಗುರುತು ಹಾಕಲು ಪರದೆ ಇನ್ನೂ ಸಾಲದು. ನಿಜ, ಅನಗತ್ಯ ಪ್ರಿಂಟ್ ಬೇಡವೇ ಬೇಡ. ದಾಂಡೇಲಿಯ ಕಾಗದ ಕಾರ್ಖಾನೆಗೆ ಒಂದು ಕಾಲದಲ್ಲಿ ಹೋದದ್ದು ಉತ್ತರ ಕನ್ನಡದ ಕಾಡಿನ ಬಿದಿರು. ಕಾಗದ ಎಲ್ಲಿಂದ ಬರುತ್ತೆ ಅಂತ ಕನ್ನಡಿಗರಿಗೆ ಬೇರೆಯವರು ಹೇಳಬೇಕಿಲ್ಲ. ಅದಕ್ಕೇ ರಿವ್ಯೂಗಳಿಗೆಲ್ಲ ಎ3 ಸಾಕು, ಕೊನೆಗೆ ಮಾತ್ರ ಒಂದು ಎ1.

ಆದರೆ ನಮ್ಮನ್ನು ಹೆಚ್ಚು ಕಾಡುವುದು ಬೇರೆ ಪ್ರಶ್ನೆ. ಪ್ರದರ್ಶನದ ದಿನ ಒಂದು ತಂಡ ಗ್ಲಾಸಿ ಫೋಟೊ ಪೇಪರನ್ನು ಸನ್‌ಬೋರ್ಡ್ ಮೇಲೆ ಅಂಟಿಸಿ ತಂದಿರುತ್ತೆ. ಪಕ್ಕದ ತಂಡ ಎ4 ಹಾಳೆಗಳನ್ನು ಟೇಪ್‌ನಲ್ಲಿ ಜೋಡಿಸಿರುತ್ತೆ. ಎರಡರ ಕೆಲಸವೂ ಸಮಸಮ ಇರಬಹುದು, ಎರಡನೆಯದೇ ಮೇಲಿರಬಹುದು. ಕಣ್ಣು ಮೊದಲು ಹೋಗುವುದು ಮಾತ್ರ ಹೊಳೆಯುವ ಕಡೆಗೆ. ಪರೀಕ್ಷಕರ ಮೇಲೆ ತಪ್ಪು ಹೊರಿಸುವುದಲ್ಲ, ಕಣ್ಣಿನ ಸ್ವಭಾವವೇ ಅದು. ಹಾಸ್ಟೆಲ್ ಮೆಸ್ ಬಿಲ್ ಕಟ್ಟಲು ತಿಂಗಳ ಕೊನೆಯಲ್ಲಿ ಒದ್ದಾಡುವ ಹುಡುಗ ಹುಡುಗಿಯರು ನಮ್ಮ ಪಕ್ಕದ ಬೆಂಚಿನಲ್ಲೇ ಇದ್ದಾರೆ. ಎಲ್ಲರ ಕೈಗೂ ಒಂದೇ ಕಾಗದ ಸಿಕ್ಕಿದರೆ ಸ್ಪರ್ಧೆ ಕೆಲಸದ ಮಧ್ಯೆ ನಡೆಯುತ್ತೆ, ಜೇಬಿನ ಮಧ್ಯೆ ನಡೆಯಲ್ಲ.

ಆದ್ದರಿಂದ ನಮ್ಮ ವಿಭಾಗ ಮುಖ್ಯಸ್ಥರ ಮುಂದೆ ಐದು ಬೇಡಿಕೆ ಇಡುತ್ತಿದ್ದೇವೆ. ಪ್ರಾಜೆಕ್ಟ್ ಪೋಸ್ಟರ್ ಎಲ್ಲ ತಂಡಕ್ಕೂ ಎ1, 120 ಜಿಎಸ್‌ಎಂ ಮ್ಯಾಟ್ ಕೋಟೆಡ್ ಕಾಗದ ಎಂದು ಗೊತ್ತುಮಾಡಿ. ಫ್ಲೆಕ್ಸ್, ಲ್ಯಾಮಿನೇಷನ್, ಸನ್‌ಬೋರ್ಡ್ ಬೇಡ ಎಂದು ಸುತ್ತೋಲೆಯಲ್ಲೇ ಬರೆಯಿರಿ. ಲ್ಯಾಬ್ ಸಾಮಗ್ರಿಗಳ ಜೊತೆಗೆ ಕಾಗದದ ರೋಲನ್ನೂ ಸೆಮಿಸ್ಟರ್ ಆರಂಭದಲ್ಲೇ ತರಿಸಿ. ಕಾಲೇಜ್ ಸ್ಟೋರ್‌ನಲ್ಲಿ ಹಾಫ್ ಇಂಪೀರಿಯಲ್ ಬದಲು ಎ2 ಡ್ರಾಯಿಂಗ್ ಹಾಳೆ ಇಡಿಸಿ. ಪ್ರದರ್ಶನ ಮುಗಿದ ಹಾಳೆಗಳನ್ನು ಎಸೆಯದೆ, ಖಾಲಿ ಬೆನ್ನನ್ನು ಜೂನಿಯರ್‌ಗಳ ಸ್ಕೆಚ್‌ಗೆ ಕೊಡಿಸಿ. ರಿಜಿಸ್ಟರ್ ಬರೆಯೋಕೆ, ಹಾಳೆ ಎಣಿಸೋಕೆ ಆಳು ಎಲ್ಲಿ ಅನ್ನುವ ಪ್ರಶ್ನೆ ಬಂದರೆ ಕ್ಲಬ್ಬಿನ ಕಡೆಯಿಂದ ನಾವೇ ಕೂರುತ್ತೇವೆ.

ಬೇರೆಯವರಿಗೆ ಹೇಳುವ ಮೊದಲು ನಮ್ಮ ಮನೆಯಲ್ಲೂ ಆಗಬೇಕಲ್ಲ. ಈ ಸಲದ ನವೆಂಬರ್ 1ರ ರಾಜ್ಯೋತ್ಸವದ ಬ್ಯಾನರ್ ಬಟ್ಟೆಯದು, ಬರೆಯೋದು ಕೈಯಲ್ಲಿ. ಭಿತ್ತಿಪತ್ರಿಕೆ 25×36ರ ಮ್ಯಾಪ್ಲಿಥೊ ಹಾಳೆ ಮೇಲೆ. ಕನ್ನಡದ ಪೋಸ್ಟರ್ ಪ್ರಿಂಟ್ ಮಾಡಿಸುವವರಿಗೆ ಒಂದು ಕಿವಿಮಾತು: ಫಾಂಟ್ ಒಳಗೂಡಿಸಿದ ಪಿಡಿಎಫ್ ಒಯ್ಯಿರಿ, ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಬೇಡಿಕೆಪತ್ರ ಕ್ಲಬ್ಬಿನ ಕೋಣೆಯಲ್ಲಿದೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ಒಪ್ಪಿಗೆ ಇಲ್ಲದಿದ್ದರೆ ಬಂದು ಜಗಳ ಮಾಡಿ. ಕ್ಲಾಸ್ ರೆಪ್‌ಗಳು ತಮ್ಮ ಸೆಕ್ಷನ್‌ನಲ್ಲಿ ಎಷ್ಟು ತಂಡ ಎಂದು ಬರೆದು ಕೊಟ್ಟರೆ ಎಷ್ಟು ರೋಲ್ ಬೇಕು ಅನ್ನೋ ಲೆಕ್ಕ ನಾವು ಹಾಕಿಕೊಡ್ತೀವಿ.